ಇಂಚು ಏರಿತೋ, ಇಂಚಿಗೆ ಏರಿತೋ: ಒಂದು ಆಪ್ತಸಲಹೆ ಪ್ರಕರಣ

ಹುಡುಗಿ ಮೂಡಿಗೆರೆ ಕಡೆಯವಳು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವಳ ಒಪ್ಪಿಗೆಯೂ ಇದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ನಾಲ್ಕು ಎಕರೆ ಕಾಫಿ, ಈಗ ಎಂಎಸ್ಸಿ ಕೊನೆಯ ವರ್ಷ. ಸಣ್ಣ ಬೆಳೆಗಾರರ ಬಗ್ಗೆ ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ವರದಿ ಬರೆಯಬೇಕಿತ್ತು. ಗೈಡ್ ಮೂರನೇ ಅಧ್ಯಾಯದ ತುಂಬ ಕೆಂಪು ಪೆನ್ನಿನಲ್ಲಿ 'ರಾಂಗ್ ವರ್ಡ್' ಎಂದು ಬರೆದು ವಾಪಸ್ ಕೊಟ್ಟಿದ್ದರು. ಸರಿ ಪದ ಯಾವುದು ಅಂತ ಎಲ್ಲೂ ಇರಲಿಲ್ಲ. ಆರು ವಾರದಿಂದ ಅವಳು ಫೈಲ್ ತೆರೆದಿಲ್ಲ, ಗೈಡ್ ಮಾಡಿದ ಫೋನ್ ಎತ್ತಿಲ್ಲ, ನಿದ್ದೆಯೂ ಇಲ್ಲ.

"ನಂಗೆ ಇಂಗ್ಲಿಷ್ ಬರಲ್ಲ ಮೇಡಂ, ಸುಮ್ನೆ ಇಲ್ಲಿವರೆಗೆ ಬಂದುಬಿಟ್ಟೆ" ಎಂದಳು.

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದಳು. ಆಮೇಲೆ ಆ ಹಾಳೆಗಳನ್ನೇ ತರಿಸಿದೆ, ಯಾಕೆಂದರೆ ನಾಚಿಕೆ ಅಂಟಿಕೊಂಡಿದ್ದು ಆ ಕೆಂಪು ಗೆರೆಗಳಿಗೆ, ಅವುಗಳನ್ನು ಪಕ್ಕಕ್ಕಿಟ್ಟು ಧೈರ್ಯ ಹೇಳಿದರೆ ಅದು ಮನೆ ಬಾಗಿಲವರೆಗೂ ಉಳಿಯಲ್ಲ.

ಮೊದಲ ಗೆರೆ ಹೂ ಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ, ಮೇಲಿತ್ತು. 'ಇನ್‌ಕ್ರೀಸ್ಡ್ ಟು 2 ಇಂಚಸ್' ಎಂದು ಬರೆದಿದ್ದಳು. ಇಂಗ್ಲಿಷ್ ಬಿಡಮ್ಮ, ಆಗಿದ್ದೇನು ಹೇಳು ಎಂದೆ. "ಹೋದ ವರ್ಷ 1 ಇಂಚು, ಈ ವರ್ಷ 3. ಎರಡು ಇಂಚು ಏರಿತು" ಎಂದಳು. ಎರಡು ಇಂಚಿಗೆ ಏರಿತಾ? "ಅಯ್ಯೋ ಇಲ್ಲ, ಮೂರು ಇಂಚಿಗೆ!" ತಟ್ಟನೆ ಬಂತು ಉತ್ತರ. ನೋಡು, ಆ 'ಗೆ' ಇದೆಯಲ್ಲ, ಅದೇ ಇಂಗ್ಲಿಷಿನ 'ಟು'. 'ಗೆ' ಇಲ್ಲದೆ ಬರೀ ಏರಿಕೆ ಹೇಳಿದರೆ 'ಬೈ'. ಅವಳು ಹಾಳೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಳು.

ತೇವಾಂಶದ್ದೂ ಹೀಗೇ. 12ರಿಂದ 15 ಪರ್ಸೆಂಟಿಗೆ ಹೋದದ್ದನ್ನು '3 ಪರ್ಸೆಂಟ್ ಹೆಚ್ಚಳ' ಎಂದಿದ್ದಳು. ಅದು 3 ಪರ್ಸೆಂಟೇಜ್ ಪಾಯಿಂಟ್. ಪರ್ಸೆಂಟಿನಲ್ಲಿ ಹೇಳಿದರೆ 25, ಯಾಕೆಂದರೆ 12ರ ಕಾಲು ಭಾಗ 3. ಪತ್ರಿಕೆ ಓದುವವರೂ ಇಲ್ಲಿ ತಪ್ಪುತ್ತಾರೆ.

'ಫ್ಯೂವರ್', 'ಲೆಸ್' ಎರಡಕ್ಕೂ ನಮ್ಮಲ್ಲಿ ಕಡಿಮೆ ಅನ್ನೋ ಒಂದೇ ಪದ, ಹಾಗಾಗಿ ಗೊಂದಲ ಸಹಜ. ಎಣಿಸುವ ಚೀಲಕ್ಕೆ ಫ್ಯೂವರ್, ಅಳೆಯುವ ನೀರಿಗೆ ಲೆಸ್.

ಜಾಸ್ತಿ ಹೊತ್ತು ಕೂತಿದ್ದು 'ಆವರೇಜ್' ಮೇಲೆ. ಒಂಬತ್ತು ಜನರಿಗೆ ನಾಲ್ಕು ನಾಲ್ಕು ಎಕರೆ, ಹತ್ತನೆಯವರಿಗೆ 160 ಎಕರೆ ಎಂದುಕೊಳ್ಳಿ. ಸರಾಸರಿ 19.6 ಎಕರೆ. ಅಷ್ಟು ತೋಟ ಆ ಹತ್ತು ಜನರಲ್ಲಿ ಒಬ್ಬರಿಗೂ ಇಲ್ಲ! ಸಾಲಾಗಿ ನಿಲ್ಲಿಸಿ ನಡುವೆ ನೋಡಿದರೆ ಸಿಗುವ ಮಧ್ಯಾಂಕ, ಅಂದರೆ ಮೀಡಿಯನ್, 4. ತನ್ನ ಅಪ್ಪನಂಥವರ ಬಗ್ಗೆ ಬರೆಯುವವಳು ಮೀಡಿಯನ್ ಬರೆಯದಿದ್ದರೆ ಆ ಅಪ್ಪ ವರದಿಯಲ್ಲಿ ಕಾಣೋದೇ ಇಲ್ಲ. ಇದನ್ನು ಹೇಳುವಾಗ ನನ್ನ ದನಿಯೂ ಏರಿತ್ತು.

'ಸಿಗ್ನಿಫಿಕಂಟ್' ಅನ್ನು ತುಂಬಾ ಅನ್ನೋ ಅರ್ಥದಲ್ಲಿ ಏಳು ಕಡೆ ಹಾಕಿದ್ದಳು, ಒಂದು ಕಡೆಯೂ ಟೆಸ್ಟ್ ಮಾಡಿರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಆ ಪದಕ್ಕೆ ಬೇರೆ ಕೆಲಸ ಇದೆ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಬರೋದು ಅಪರೂಪ, ಸಾಮಾನ್ಯವಾಗಿ 0.05ಕ್ಕಿಂತ, ಅಂದರೆ ನೂರಕ್ಕೆ ಐದಕ್ಕಿಂತ, ಕಡಿಮೆ ಸಂಭವ, ಎಂದು ಟೆಸ್ಟ್ ಮಾಡಿದ ಮೇಲೆ ಹೇಳುವ ಮಾತು ಅದು. ಟೆಸ್ಟ್ ಇಲ್ಲದಿದ್ದರೆ 'ಲಾರ್ಜ್' ಅಂತ ಹಾಕು, ಸಾಕು ಎಂದೆ.

'ಪ್ರಿಸೈಸ್', 'ಆಕ್ಯುರೇಟ್' ಎರಡನ್ನು ಅವಳೇ ಬಿಡಿಸಿದಳು. "ನಮ್ಮನೆ ತಕ್ಕಡಿ 50 ಕೆಜಿ ಮೂಟೆಗೆ ಯಾವಾಗ್ಲೂ ಐವತ್ತೂವರೆ ತೋರಿಸುತ್ತೆ. ಪ್ರತಿ ಸಲ ಒಂದೇ ತೋರಿಸುತ್ತೆ, ಅದಕ್ಕೆ ಪ್ರಿಸೈಸ್, ಆದ್ರೆ ನಿಜವಾದ ತೂಕ ಅಲ್ಲ, ಅದಕ್ಕೆ ಆಕ್ಯುರೇಟ್ ಅಲ್ಲ, ಅಲ್ವಾ ಮೇಡಂ?"

ಕೊಟ್ಟ ಸಲಹೆ ಇಷ್ಟೇ. ದಿನಕ್ಕೆ ಒಂದೇ ಪ್ಯಾರಾ. ಮೊದಲು ತೋಟದಲ್ಲಿ ಆಗಿದ್ದನ್ನು ಅಪ್ಪನಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆಯುವುದು, ಆಮೇಲೆ ಪದ ಹುಡುಕುವುದು. ರಾತ್ರಿ ಹತ್ತರ ನಂತರ ಫೈಲ್ ಮುಟ್ಟಬಾರದು. ಗೈಡ್‌ಗೆ 'ಎಲ್ಲಾ ತಪ್ಪಾಯ್ತು ಸರ್' ಎಂದು ಮೆಸೇಜ್ ಬೇಡ, ಒಂದು ಪದ ಹಿಡಿದು ಇದು ಯಾಕೆ ತಪ್ಪು ಎಂದು ಕೇಳಬೇಕು. ಆ ಮೆಸೇಜನ್ನು ನನ್ನ ಎದುರಿಗೇ ಟೈಪ್ ಮಾಡಿದಳು, ಮೂರು ಸಲ ಅಳಿಸಿ, ನಾಲ್ಕನೇ ಸಲ ಕಳಿಸಿದಳು.

ಮೂರು ವಾರದ ಮೇಲೆ ಮತ್ತೆ ಬಂದಳು. ಅಧ್ಯಾಯ ಕೊಟ್ಟಾಗಿತ್ತು. ಈ ಸಲವೂ ಎರಡು ಕೆಂಪು ಗೆರೆ ಇದ್ದವು. ಅವತ್ತೇ ಹೋಗಿ ಕೇಳಿಕೊಂಡು ಬಂದಿದ್ದಳು.