ಆಸ್ಪತ್ರೆಗೆ ಕೊಟ್ಟ ದೇಣಿಗೆ ಯಾವ ಲೆಕ್ಕಕ್ಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಳಗದವರೆಲ್ಲ ಸೇರಿ ಡಯಾಲಿಸಿಸ್ ಯಂತ್ರ ಕೊಳ್ಳಲೆಂದು ಆಸ್ಪತ್ರೆಯೊಂದಕ್ಕೆ ಹಣ ಕೊಟ್ಟೆವು. ವರ್ಷ ಕಳೆದರೂ ಯಂತ್ರ ಬಂದಿಲ್ಲ. ಕೇಳಿದರೆ ‘ಹಣ ನಿಧಿಯಲ್ಲಿದೆ’ ಅನ್ನುತ್ತಾರೆ. ಕೈಗೆ ಬಂದ ಹಣ ಖರ್ಚು ಮಾಡಲು ಏನು ಕಷ್ಟ?

ಉತ್ತರ: ಹಣ ನುಂಗಿದ್ದಾರೆ ಎಂದು ಈಗಲೇ ತೀರ್ಮಾನಿಸಬೇಡಿ. ಇಂಥ ಹಣ ನಿಂತುಬಿಡಲು ಎಷ್ಟೋ ಸಲ ದಾನಿಗಳೇ ಬರೆದುಕೊಟ್ಟ ಷರತ್ತು ಕಾರಣ. ‘ಡಯಾಲಿಸಿಸ್ ಯಂತ್ರಕ್ಕೆ ಮಾತ್ರ’ ಎಂದು ಬರೆದರೆ ಆ ಹಣದಲ್ಲಿ ಯಂತ್ರದ ಪಕ್ಕಕ್ಕೊಂದು ನಲ್ಲಿ ಹಾಕಿಸುವಂತಿಲ್ಲ. ಡಯಾಲಿಸಿಸ್ ನಡೆಯುವುದೇ ನೀರಿನ ಮೇಲೆ. ನಿಮಿಷಕ್ಕೆ 500 ಮಿಲಿಲೀಟರ್ ಲೆಕ್ಕದಲ್ಲಿ ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಈಗಿನ ಶುದ್ಧೀಕರಣ ಘಟಕಕ್ಕೆ ಇನ್ನೊಂದು ಯಂತ್ರದ ಹೊರೆ ತಡೆಯುವ ಶಕ್ತಿ ಇಲ್ಲದಿದ್ದರೆ, ಅಥವಾ ಸರದಿ ನಡೆಸಲು ತರಬೇತಾದವರು ಸಾಲದಿದ್ದರೆ, ಯಂತ್ರ ತಂದಿಟ್ಟು ಪ್ರಯೋಜನವಿಲ್ಲ. ಆಗ ಹಣ ಕಾಯುತ್ತಾ ಕೂರುತ್ತದೆ.

ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ದೇಣಿಗೆಗೆ ಮೂರು ಕಲಮುಗಳಿರುತ್ತವೆ: ಷರತ್ತಿಲ್ಲದ್ದು, ಇಂಥದ್ದಕ್ಕೇ ಎಂದು ಷರತ್ತು ಹಾಕಿದ್ದು, ಮೂಲಧನ ಮುಟ್ಟದೆ ಆದಾಯ ಮಾತ್ರ ಬಳಸುವ ದತ್ತಿ. ಎರಡನೆಯ ಕಲಮಿನ ಹಣವನ್ನು ಮೊದಲನೆಯದಕ್ಕೆ ಸರಿಸಿದರೆ ಲೆಕ್ಕಪರಿಶೋಧಕರು ಆಕ್ಷೇಪ ಎತ್ತುತ್ತಾರೆ, ಎತ್ತಲೇಬೇಕು. ಈಗ ನೀವು ಮಾಡಬಹುದಾದ್ದು: ಕೊರತೆ ಏನು ಎಂದು ಲಿಖಿತವಾಗಿ ಕೇಳಿ, ‘ಡಯಾಲಿಸಿಸ್ ವಿಭಾಗದ ಯಾವುದೇ ಅಗತ್ಯಕ್ಕೆ’ ಎಂದು ಷರತ್ತು ಸಡಿಲಿಸಿ ಪತ್ರ ಕೊಡಿ. ಮುಂದಿನ ಸಲ ಕೊಡುವಾಗಲೇ ಮೂರು ಸಾಲು ಬರೆದುಬಿಡಿ: ಮೊದಲ ಆಯ್ಕೆ ಇದು, ಆಗದಿದ್ದರೆ ಎರಡನೆಯದು ಇದು, ಇಷ್ಟು ತಿಂಗಳಲ್ಲಿ ಎರಡೂ ಆಗದಿದ್ದರೆ ಅಗತ್ಯವಿದ್ದ ಕಡೆ ಬಳಸಿ.

ಪ್ರಶ್ನೆ: ತಂದೆಯವರ ಹೆಸರಲ್ಲಿ ದತ್ತಿನಿಧಿ ಇಡುವುದೋ, ಒಂದೇ ಸಲ ಖರ್ಚಿಗೆ ಕೊಡುವುದೋ?

ಉತ್ತರ: ಗಣಿತ ಸರಳ. ಚೆನ್ನಾಗಿ ನಡೆಸುವ ದತ್ತಿನಿಧಿಗಳು ವರ್ಷಕ್ಕೆ ಮೂಲಧನದ ಶೇ. 4ರಿಂದ 5ರಷ್ಟನ್ನು ಖರ್ಚಿಗೆ ಬಿಡುತ್ತವೆ. ಗಳಿಕೆ ಅದಕ್ಕಿಂತ ಹೆಚ್ಚು ಬಂದರೂ ಉಳಿದದ್ದನ್ನು ಮೂಲಧನಕ್ಕೇ ಸೇರಿಸುತ್ತಾರೆ. ಸೇರಿಸದಿದ್ದರೆ ಬೆಲೆ ಏರಿದಂತೆ ನಿಧಿ ಸವೆಯುತ್ತದೆ. ಅಂದರೆ ವರ್ಷಕ್ಕೆ ಎಷ್ಟು ಸಿಗಬೇಕೋ ಅದರ 20ರಿಂದ 25 ಪಟ್ಟು ಇಡಬೇಕು. ನಿಮ್ಮ ಮೊತ್ತದ ಶೇ. 4ರಲ್ಲಿ ಒಬ್ಬ ರೋಗಿಯ ಒಂದು ತಿಂಗಳ ಔಷಧಿಯೂ ಬಾರದಿದ್ದರೆ ದತ್ತಿ ಬೇಡ. ಅದೇ ಹಣವನ್ನು ಐದು ವರ್ಷಗಳಲ್ಲಿ ಪೂರ್ತಿ ಖರ್ಚು ಮಾಡಿ ಎಂದು ಕೊಡಿ. ಹೆಸರು ಗೋಡೆಯ ಮೇಲೆ ಶಾಶ್ವತವಾಗಿ ಉಳಿಯಲಿಕ್ಕಿಲ್ಲ, ಕೆಲಸವಂತೂ ಆಗುತ್ತದೆ.

ಪ್ರಶ್ನೆ: ಹಣದ ಬದಲು ನಾವೇ ಯಂತ್ರ ಕೊಂಡು ಕೊಟ್ಟರೆ ನಂಬಿಕೆ ಹೆಚ್ಚಲ್ಲವೇ? ಬಳಸಿದ ಯಂತ್ರವನ್ನೂ ಕೊಡಬಹುದೇ?

ಉತ್ತರ: ನಂಬಿಕೆ ಹೆಚ್ಚಾಗಬಹುದು, ಉಪಯೋಗ ಹೆಚ್ಚಾಗುವುದಿಲ್ಲ. ದಾನವಾಗಿ ಬಂದ ವೈದ್ಯಕೀಯ ಉಪಕರಣಗಳಲ್ಲಿ ದೊಡ್ಡ ಪಾಲು ಒಮ್ಮೆಯೂ ಕೆಲಸಕ್ಕೆ ಹತ್ತುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹಲವು ಸಲ ಎಚ್ಚರಿಸಿ, 2011ರಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ಹೊರಡಿಸಿತು.

ಕೆಡುವುದು ಎಲ್ಲಿ ಅಂದರೆ, ದಾನಿಗಳು ಯಂತ್ರವನ್ನು ನೋಡುತ್ತಾರೆ, ಅದಕ್ಕೆ ದಿನವೂ ತಗಲುವ ಸಾಮಾನನ್ನು ನೋಡುವುದಿಲ್ಲ. ರಕ್ತನಾಳಕ್ಕೆ ಔಷಧಿ ಹನಿಸುವ ಇನ್ಫ್ಯೂಷನ್ ಪಂಪ್‌ಗಳಲ್ಲಿ ಹಲವಕ್ಕೆ ಅದೇ ಕಂಪನಿಯ ಟ್ಯೂಬ್ ಸೆಟ್ ಬೇಕು, ಬೇರೆಯದು ಹಾಕಿದರೆ ಹನಿಯ ಲೆಕ್ಕ ತಪ್ಪುತ್ತದೆ. ಐಸಿಯು ವೆಂಟಿಲೇಟರ್‌ಗೆ ಗೋಡೆಯ ಕೊಳವೆಯಿಂದ ಸುಮಾರು 4 ಬಾರ್ ಒತ್ತಡದಲ್ಲಿ ಆಮ್ಲಜನಕ ಬರಬೇಕು, ಆ ಒತ್ತಡ ಇಲ್ಲದ ವಾರ್ಡಿನಲ್ಲಿ ಯಂತ್ರ ಅಲಾರಾಂ ಹೊಡೆಯುತ್ತಲೇ ಇರುತ್ತದೆ. ಆಮ್ಲಜನಕ ಕಾನ್ಸಂಟ್ರೇಟರ್ ಹೊರನೋಟಕ್ಕೆ ಸುಸ್ಥಿತಿಯಲ್ಲಿದ್ದರೂ ಗಾಳಿಯಿಂದ ಸಾರಜನಕ ಹೀರುವ ಒಳಗಿನ ಜಿಯೋಲೈಟ್ ಹರಳು ತೇವ ಹೀರಿದ್ದರೆ ಹೊರಬರುವ ಗಾಳಿಯಲ್ಲಿ ಆಮ್ಲಜನಕ ಶೇ. 82ಕ್ಕಿಂತ ಕೆಳಗಿಳಿಯುತ್ತದೆ. ಅಳೆಯುವ ಸೆನ್ಸರ್ ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಪರಿಣಾಮ ಮಾತ್ರ ರೋಗಿಯ ಮೇಲೆ. ಬೇರೆ ದೇಶದಿಂದ ಬಂದದ್ದಾದರೆ 110 ವೋಲ್ಟಿನ ಯಂತ್ರ 230 ವೋಲ್ಟಿನ ಗೋಡೆಗೆ ಬಂದಿರಲೂಬಹುದು.

ಆದ್ದರಿಂದ ಕೊಳ್ಳುವ ಮೊದಲು ಆಸ್ಪತ್ರೆಯ ಬಯೋಮೆಡಿಕಲ್ ಎಂಜಿನಿಯರ್ ಜೊತೆ ಕೂತು ಮಾತಾಡಿ. ಡೀನ್ ಜೊತೆಗಲ್ಲ, ಪ್ರಚಾರ ವಿಭಾಗದ ಜೊತೆಗಂತೂ ಅಲ್ಲ. ಆ ಮಾದರಿಯ ಬೇರೆ ಯಂತ್ರ ಅಲ್ಲಿ ಈಗಾಗಲೇ ಇದೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ, ಕಂಪನಿ ಆ ಮಾದರಿಗೆ ಬೆಂಬಲ ನಿಲ್ಲಿಸಿದೆಯೇ, ರಿಪೇರಿಯ ಸರ್ವೀಸ್ ಮ್ಯಾನುಯಲ್ ಸಿಗುತ್ತದೆಯೇ ಎಂದು ಕೇಳಿ. ವಾರ್ಷಿಕ ನಿರ್ವಹಣೆಗೆ ಯಂತ್ರದ ಬೆಲೆಯ ಶೇ. 5ರಿಂದ 10 ತಗಲುವುದು ಸಾಮಾನ್ಯ. ಕನಿಷ್ಠ ಮೂರು ವರ್ಷದ ನಿರ್ವಹಣೆ, ಬಳಕೆ ಸಾಮಾನು ಸೇರಿಸಿ ಕೊಡಲಾಗದಿದ್ದರೆ ಚಿಕ್ಕ ಯಂತ್ರ ಆರಿಸಿ. ಇನ್ನೂ ಒಳ್ಳೆಯದು, ಇರುವ ಯಂತ್ರಗಳ ನಿರ್ವಹಣೆಗೇ ಕೊಡಿ. ಬ್ಯಾಟರಿ ಸತ್ತು ಮೂಲೆ ಸೇರಿದ ನಾಲ್ಕು ಮಾನಿಟರ್‌ಗಳಿಗೆ ಜೀವ ಬರುವುದು ಹೊಸದೊಂದನ್ನು ತರುವುದಕ್ಕಿಂತ ಅಗ್ಗ. ಅದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇರುವುದಿಲ್ಲ, ಅಷ್ಟೆ.

ಪ್ರಶ್ನೆ: ಒಬ್ಬ ಮಗುವಿನ ಶಸ್ತ್ರಚಿಕಿತ್ಸೆಗೆ ಚಂದಾ ಎತ್ತುತ್ತಿದ್ದೇವೆ. ಹಣ ಮನೆಯವರ ಕೈಗೆ ಕೊಡುವುದೋ, ಆಸ್ಪತ್ರೆಗೆ ಕಟ್ಟುವುದೋ?

ಉತ್ತರ: ಚಿಕಿತ್ಸೆಯ ಬಿಲ್ಲಿನ ಭಾಗವನ್ನು ಮಗುವಿನ ಆಸ್ಪತ್ರೆ ಸಂಖ್ಯೆ ನಮೂದಿಸಿ ನೇರ ಆಸ್ಪತ್ರೆಗೇ ಕಟ್ಟಿ ರಸೀದಿ ಪಡೆಯಿರಿ. ಪ್ರಯಾಣ, ವಸತಿ, ಊಟ, ಕೆಲಸ ಬಿಟ್ಟ ದಿನಗಳ ನಷ್ಟ ಇವು ಬಿಲ್ಲಿನಲ್ಲಿ ಕಾಣುವುದಿಲ್ಲ, ಅದಕ್ಕೊಂದು ಪಾಲು ಮನೆಯವರ ಕೈಯಲ್ಲಿರಲಿ. ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಔಷಧಿಯ ಬೆಲೆಯಷ್ಟೇ ಈ ಖರ್ಚೂ ಕಾರಣ. ಕ್ಯಾನ್ಸರ್ ಮಕ್ಕಳ ಚಿಕಿತ್ಸೆಯಲ್ಲಿ ನಡುವೆ ಬರುವುದನ್ನು ಬಿಟ್ಟುಬಿಡುವವರನ್ನು ತಡೆದು ನಿಲ್ಲಿಸುವುದು ಎಷ್ಟೋ ಕಡೆ ಬಸ್ಸಿನ ಖರ್ಚು ಮತ್ತು ಆಸ್ಪತ್ರೆಯ ಹತ್ತಿರದ ಒಂದು ಕೋಣೆ.

ಮನವಿ ಪತ್ರದಲ್ಲಿ ಒಂದು ವಾಕ್ಯ ಇರಲೇಬೇಕು: ‘ಅಗತ್ಯಕ್ಕಿಂತ ಹೆಚ್ಚು ಹಣ ಬಂದರೆ ಅಥವಾ ಚಿಕಿತ್ಸೆ ನಡೆಯದಿದ್ದರೆ ಉಳಿದದ್ದು ಇದೇ ವಿಭಾಗದ ಇತರ ಮಕ್ಕಳಿಗೆ ಸೇರುತ್ತದೆ.’ ಇದನ್ನು ಮೊದಲೇ ಹೇಳದಿದ್ದರೆ ಕೆಟ್ಟ ಸುದ್ದಿ ಬಂದ ದಿನವೇ ಹಣದ ಜಗಳ ಶುರುವಾಗುತ್ತದೆ. ಮಗುವಿನ ಫೋಟೊ, ರೋಗದ ವರದಿ ಹಂಚುವ ಮುನ್ನ ಎರಡು ಸಲ ಯೋಚಿಸಿ. ಆ ಮಗು ದೊಡ್ಡದಾದ ಮೇಲೂ ಅವು ಎಲ್ಲೋ ಇದ್ದೇ ಇರುತ್ತವೆ.

ಒಬ್ಬರಿಗಾಗಿ ಎತ್ತುವುದಕ್ಕಿಂತ ಆಸ್ಪತ್ರೆಯ ರೋಗಿ ನೆರವು ನಿಧಿಗೆ ಕೊಡುವುದು ನ್ಯಾಯವಾದ ದಾರಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆಯ ಸ್ಥಿತಿ ವಿಚಾರಿಸುತ್ತಾರೆ, ವೈದ್ಯರು ಚಿಕಿತ್ಸೆಯ ಅಗತ್ಯ ಮತ್ತು ಅಂದಾಜು ಬರೆಯುತ್ತಾರೆ, ಸಣ್ಣ ಸಮಿತಿಯೊಂದು ಮಂಜೂರು ಮಾಡುತ್ತದೆ. ಚಂದದ ಫೋಟೊ ಇಲ್ಲದ, ಪರಿಚಯಸ್ಥರಿಲ್ಲದ, ವಯಸ್ಸಾದ ರೋಗಿಗೂ ಸರದಿ ಬರುವುದು ಅಲ್ಲಿ ಮಾತ್ರ.

ಪ್ರಶ್ನೆ: ರೋಗಿಗಳಿಗೆ ಕೊಟ್ಟರೆ ಕಣ್ಣಿಗೆ ಕಾಣುತ್ತದೆ. ಸಂಶೋಧನೆಗೆ ನಮ್ಮಂಥವರು ಕೊಡುವ ಚಿಲ್ಲರೆಯಿಂದ ಏನಾಗುತ್ತದೆ?

ಉತ್ತರ: ಚಿಲ್ಲರೆಯಿಂದಲೇ ಆದದ್ದಿದೆ. ಪೋಲಿಯೊ ವಿರುದ್ಧ ಹೋರಾಡಲು ಅಮೆರಿಕದಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1938ರಲ್ಲಿ ಕಟ್ಟಿದ ಪ್ರತಿಷ್ಠಾನಕ್ಕೆ ಜನ ಹತ್ತು ಸೆಂಟಿನ ನಾಣ್ಯಗಳನ್ನು ಲಕೋಟೆಯಲ್ಲಿಟ್ಟು ಶ್ವೇತಭವನಕ್ಕೆ ಕಳಿಸಿದರು. ಆ ಸಂಸ್ಥೆ ಒಂದು ಕೈಯಲ್ಲಿ ಉಸಿರಾಟದ ಕಬ್ಬಿಣದ ಪೆಟ್ಟಿಗೆಗಳಿಗೂ ರೋಗಿಗಳ ಆರೈಕೆಗೂ ಕೊಟ್ಟಿತು, ಇನ್ನೊಂದು ಕೈಯಲ್ಲಿ ಜೋನಾಸ್ ಸಾಕ್ ಅವರ ಲಸಿಕೆಗೆ. 1954ರ ಪ್ರಯೋಗದಲ್ಲಿ ಸುಮಾರು 18 ಲಕ್ಷ ಮಕ್ಕಳು ಭಾಗವಹಿಸಿದರು. 1955ರ ಏಪ್ರಿಲ್ 12ರಂದು ಲಸಿಕೆ ಕೆಲಸ ಮಾಡುತ್ತದೆ ಎಂದು ಘೋಷಣೆಯಾಯಿತು. ಹತ್ತಿರದ ಉದಾಹರಣೆ ಬೇಕೆಂದರೆ, 2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಂಡ ಚಳವಳಿಯಿಂದ ಅಮೆರಿಕದ ಎಎಲ್ಎಸ್ (ನರಕೋಶಗಳು ಸಾಯುತ್ತಾ ಸ್ನಾಯುಗಳು ಶಕ್ತಿ ಕಳೆದುಕೊಳ್ಳುವ ಕಾಯಿಲೆ) ಸಂಘಕ್ಕೆ 11.5 ಕೋಟಿ ಡಾಲರ್ ಬಂತು. ಅದರ ಮೂರನೇ ಎರಡರಷ್ಟು ಸಂಶೋಧನೆಗೆ ಹೋಯಿತು. ಆ ಹಣದ ನೆರವು ಪಡೆದ ಅಧ್ಯಯನವೊಂದು 2016ರಲ್ಲಿ ಎನ್ಇಕೆ1 ಎಂಬ ಜೀನಿಗೂ ಆ ಕಾಯಿಲೆಗೂ ಇರುವ ನಂಟನ್ನು ತೋರಿಸಿತು. ಆದರೆ ಒಂದು ಮಾತು: ನೀರು ಸುರಿಯುವ ಹುರುಪು ಮರುವರ್ಷ ಅಷ್ಟಿರಲಿಲ್ಲ. ಸಂಶೋಧನೆಗೆ ಒಮ್ಮೆಯ ಮಹಾಪೂರಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಅದನ್ನು ನಂಬಿ ಒಬ್ಬರನ್ನು ಮೂರು ವರ್ಷಕ್ಕೆ ನೇಮಿಸಬಹುದು.

ಆಸ್ಪತ್ರೆಯೊಳಗೆ ಸಣ್ಣ ದೇಣಿಗೆಯ ನಿಜವಾದ ಜಾಗ ಬೀಜಧನ. ದೊಡ್ಡ ಸಂಸ್ಥೆಗಳು ಅನುದಾನ ಕೊಡುವ ಮೊದಲು ‘ಪ್ರಾಥಮಿಕ ದತ್ತಾಂಶ ತೋರಿಸಿ’ ಎನ್ನುತ್ತವೆ. ಅದನ್ನು ಕಲೆಹಾಕಲು ಹಣ ಇರುವುದಿಲ್ಲ. ಇಪ್ಪತ್ತು ಮೂವತ್ತು ರೋಗಿಗಳ ಮಾದರಿ ಪರೀಕ್ಷೆ, ಅರ್ಧ ದಿನದ ಒಬ್ಬ ಸಂಶೋಧನಾ ನರ್ಸ್, ಅಂಕಿಅಂಶ ತಜ್ಞರ ಕೆಲವು ದಿನ, ಇಷ್ಟಕ್ಕೆ ಸಮುದಾಯದ ಹಣ ಸಾಕಾಗುತ್ತದೆ. ನಡೆಯಬೇಕಾದ ಕ್ರಮ ಹೀಗೆ: ಆಸ್ಪತ್ರೆ ಅರ್ಜಿ ಕರೆಯುತ್ತದೆ, ಹೊರಗಿನ ತಜ್ಞರು ಓದಿ ಅಂಕ ಕೊಡುತ್ತಾರೆ, ನೈತಿಕತಾ ಸಮಿತಿ ಒಪ್ಪುತ್ತದೆ, ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುತ್ತಾರೆ, ಹಣ ಕಂತಿನಲ್ಲಿ ಬಿಡುಗಡೆಯಾಗುತ್ತದೆ. ನೋಂದಣಿ ಏಕೆ ಮುಖ್ಯ ಅಂದರೆ, ಫಲಿತಾಂಶ ಚೆನ್ನಾಗಿಲ್ಲದಿದ್ದರೆ ಮುಚ್ಚಿಡಲು ಆಗ ಬರುವುದಿಲ್ಲ. ‘ಈ ಔಷಧಿ ಕೆಲಸ ಮಾಡಲಿಲ್ಲ’ ಎಂಬ ವರದಿ ಬಂದರೆ ನಿಮ್ಮ ಹಣ ವ್ಯರ್ಥವಾಯಿತೆಂದು ಬೇಸರಿಸಬೇಡಿ, ಇನ್ನೊಬ್ಬರು ಅದೇ ದಾರಿಯಲ್ಲಿ ನಡೆದು ರೋಗಿಗಳನ್ನು ದಣಿಸುವುದು ತಪ್ಪಿತು.

ಪ್ರಶ್ನೆ: ನಮ್ಮ ಹಣದಿಂದ ಕಂಡುಹಿಡಿದ ಔಷಧಿಯನ್ನು ಕಂಪನಿ ದುಬಾರಿ ಬೆಲೆಗೆ ಮಾರಿದರೆ?

ಉತ್ತರ: ಆದದ್ದಿದೆ, ಅದರ ಎರಡೂ ಮುಖ ನೋಡಬೇಕು. ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಆನುವಂಶಿಕ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಕುಟುಂಬಗಳು ಕಟ್ಟಿದ ಅಮೆರಿಕದ ಪ್ರತಿಷ್ಠಾನ ದಾನದ ಹಣವನ್ನು ಔಷಧಿ ಕಂಪನಿಯೊಂದರ ಸಂಶೋಧನೆಗೆ ಹಾಕಿತು. 2012ರಲ್ಲಿ, ಅದರಿಂದ ಬಂದ ಔಷಧಿ ಐವಾಕಾಫ್ಟರ್‌ಗೆ ಅಲ್ಲಿ ಅನುಮತಿ ಸಿಕ್ಕಿತು. ಮಾರಾಟದ ಪಾಲು ತನಗೂ ಬರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದರಿಂದ 2014ರಲ್ಲಿ ಆ ಹಕ್ಕನ್ನು 330 ಕೋಟಿ ಡಾಲರಿಗೆ ಮಾರಿ ಹಣವನ್ನು ಮತ್ತೆ ಅದೇ ಕಾಯಿಲೆಗೆ ತೊಡಗಿಸಿತು. ಇತ್ತ ಔಷಧಿಯ ಬೆಲೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಆಗಿತ್ತು. ಹಣ ವಾಪಸ್ ಬರುವ ಕರಾರು ಇತ್ತು, ಬೆಲೆಯ ಮೇಲೆ ಹಿಡಿತ ಇರಲಿಲ್ಲ. ನೀವು ದೊಡ್ಡ ಮೊತ್ತ ಕೊಡುವವರಾದರೆ ಆಸ್ಪತ್ರೆಯ ಪೇಟೆಂಟ್ ನೀತಿ ಏನು, ಬರುವ ಆದಾಯ ಎಲ್ಲಿಗೆ ಹೋಗುತ್ತದೆ, ಬಡ ರೋಗಿಗಳಿಗೆ ಕೈಗೆಟುಕುವ ಕರಾರು ಸೇರಿಸುತ್ತಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಫಲಿತಾಂಶ ಹೀಗೇ ಬರಲಿ ಎನ್ನುವ ಹಕ್ಕು ಮಾತ್ರ ಇಲ್ಲ.

ಪ್ರಶ್ನೆ: ಅವಘಡವಾದಾಗ ರಕ್ತ ಕೊಡಲು ಹೋದವರನ್ನು ‘ಇವತ್ತು ಸಾಕು, ಮುಂದಿನ ತಿಂಗಳು ಬನ್ನಿ’ ಎಂದು ಕಳಿಸಿದರು. ಇದು ಸರಿಯೇ?

ಉತ್ತರ: ಸರಿಯೇ. ನೀವು ಕೊಟ್ಟ ಒಂದು ಚೀಲ ರಕ್ತ ಸಾಮಾನ್ಯವಾಗಿ ಮೂರಾಗಿ ಒಡೆಯುತ್ತದೆ. ಕೆಂಪುಕಣ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಳಸಿದ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಬಾಳುತ್ತದೆ. ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮಂಜುಗಟ್ಟಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಪ್ಲೇಟ್‌ಲೆಟ್ (ರಕ್ತಸ್ರಾವ ನಿಲ್ಲಿಸುವ ಕಣ) ಮಾತ್ರ 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಾ, ಹೆಚ್ಚಿನ ಕಡೆ ಐದೇ ದಿನ. ಒಂದೇ ದಿನ ಐನೂರು ಜನ ಕೊಟ್ಟರೆ ಐದು ದಿನದ ಮೇಲೆ ಪ್ಲೇಟ್‌ಲೆಟ್ ಚೆಲ್ಲಬೇಕು, ಆ ಐನೂರೂ ಜನ ಮುಂದಿನ ಕೆಲವು ತಿಂಗಳು ಕೊಡುವಂತಿಲ್ಲ. ರಕ್ತಕ್ಯಾನ್ಸರ್ ವಾರ್ಡಿಗೆ ಪ್ಲೇಟ್‌ಲೆಟ್ ಪ್ರತಿ ದಿನ ಬೇಕು. ಸಂಘಟಕರಾದರೆ ಒಂದು ದೊಡ್ಡ ಶಿಬಿರ ಬಿಟ್ಟು, ಹೆಸರುಗಳನ್ನು ವಾರಕ್ಕಿಷ್ಟು ಎಂದು ಹಂಚಿ ಪಟ್ಟಿ ಮಾಡಿಕೊಡಿ.

ಪ್ರಶ್ನೆ: ಎದೆಹಾಲನ್ನೂ ದಾನವಾಗಿ ತೆಗೆದುಕೊಳ್ಳುತ್ತಾರಂತೆ, ಹೌದೇ?

ಉತ್ತರ: ಹೌದು, ಹಾಲಿನ ಬ್ಯಾಂಕ್ ಇರುವ ಆಸ್ಪತ್ರೆಗಳಲ್ಲಿ. ದಾನಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿ, ಬ್ಯಾಕ್ಟೀರಿಯಾ ಇಲ್ಲವೆಂದು ಖಚಿತವಾದ ಮೇಲೆಯೇ ಕೊಡುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ, ತೂಕ ತೀರಾ ಕಡಿಮೆ ಇರುವ ಶಿಶುಗಳಿಗೆ ತಾಯಿಯ ಹಾಲು ಸಾಲದಾಗ ಇದೇ ಆಸರೆ. ಡಬ್ಬಿ ಹಾಲಿಗೆ ಹೋಲಿಸಿದರೆ ಕರುಳು ಕೊಳೆಯುವ ಮಾರಕ ತೊಂದರೆ ಇದರಲ್ಲಿ ಕಡಿಮೆ. ಪರಿಚಯದವರಿಂದ ನೇರವಾಗಿ ಹಾಲು ಪಡೆಯುವುದು ಬೇಡ.

ಪ್ರಶ್ನೆ: ಮನೆಯಲ್ಲಿ ಉಳಿದ ಮಾತ್ರೆ, ಆಟಿಕೆ, ಹೂಗುಚ್ಛ?

ಉತ್ತರ: ಮಾತ್ರೆ ಬೇಡವೇ ಬೇಡ. ಒಮ್ಮೆ ರೋಗಿಯ ಕೈ ಸೇರಿದ ಔಷಧಿ ಹೇಗೆ ಇಟ್ಟಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ. ಹೊಸ ಔಷಧಿಯಾದರೂ ತಲುಪುವ ದಿನಕ್ಕೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಆಟಿಕೆ ಹೊಸದಾಗಿರಲಿ, ಒರೆಸಿ ತೊಳೆಯುವಂಥ ಪ್ಲಾಸ್ಟಿಕ್ಕಿನದಾಗಿರಲಿ. ತುಪ್ಪಟದ ಬೊಂಬೆಯಲ್ಲಿ ರೋಗಾಣು ಉಳಿಯುತ್ತದೆ. ಹೂವಿನ ಕುಂಡದ ಮಣ್ಣಿನಲ್ಲಿ ಶಿಲೀಂಧ್ರವಿರುವುದರಿಂದ ಅಸ್ಥಿಮಜ್ಜೆ ಕಸಿಯ ವಾರ್ಡಿನ ಬಾಗಿಲಿಗೂ ಅದನ್ನು ತರಬೇಡಿ.

ಪ್ರಶ್ನೆ: ಕೊಟ್ಟದ್ದರಲ್ಲಿ ಶೇ. 15 ಆಡಳಿತ ವೆಚ್ಚಕ್ಕೆ ಹಿಡಿದರು. ಪೂರ್ತಿ ರೋಗಿಗಳಿಗೇ ಹೋಗುವ ಆಸ್ಪತ್ರೆ ಹುಡುಕಬೇಕೆ?

ಉತ್ತರ: ‘ಪೂರ್ತಿ ರೋಗಿಗಳಿಗೇ’ ಅನ್ನುವ ಕಡೆ ಆ ಖರ್ಚನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ, ಅಥವಾ ಲೆಕ್ಕವೇ ಇಟ್ಟಿರುವುದಿಲ್ಲ. ರಕ್ತದ ಮಾದರಿಗಳಿರುವ ಮೈನಸ್ 80 ಡಿಗ್ರಿಯ ಫ್ರೀಜರಿಗೆ ವಿದ್ಯುತ್, ಕರೆಂಟ್ ಹೋದರೆ ಜನರೇಟರ್, ರಾತ್ರಿ ಅಲಾರಾಂ ಬಂದರೆ ಎದ್ದು ಓಡುವ ಮನುಷ್ಯ, ಇದೆಲ್ಲ ಆಡಳಿತ ವೆಚ್ಚದಲ್ಲೇ ಬರುತ್ತದೆ. ಒಂದು ರಾತ್ರಿ ಫ್ರೀಜರ್ ನಿಂತರೆ ಹತ್ತು ವರ್ಷದ ಸಂಗ್ರಹ ಕರಗಿ ನೀರಾಗುತ್ತದೆ. ಶೇಕಡಾವಾರಿನ ಬದಲು ಇವನ್ನು ಕೇಳಿ: ಲೆಕ್ಕಪರಿಶೋಧಿತ ವರದಿಯಲ್ಲಿ ದೇಣಿಗೆ ನಿಧಿಗಳ ಆರಂಭ ಶಿಲ್ಕು, ಖರ್ಚು, ಉಳಿಕೆ ಬೇರೆ ಬೇರೆ ತೋರಿಸಿದ್ದಾರೆಯೇ? ಷರತ್ತಿನ ನಿಧಿಯ ಉಳಿಕೆ ವರ್ಷದಿಂದ ವರ್ಷಕ್ಕೆ ಕರಗದೆ ಬೆಳೆಯುತ್ತಿದೆಯೇ? ಚಿಕಿತ್ಸೆ ಕೊಡುವ ವೈದ್ಯರೇ ಹಾಸಿಗೆಯ ಪಕ್ಕ ನಿಂತು ದೇಣಿಗೆ ಕೇಳುತ್ತಾರೆಯೇ? ಕೊನೆಯದಕ್ಕೆ ಹೌದೆಂಬ ಉತ್ತರ ಬಂದರೆ ಹಣ ಅಲ್ಲಿ ಕೊಡಬೇಡಿ.