ಫೋರ್ಕ್‌ಲಿಫ್ಟ್ ತಗುಲಿದವನದೇ ತಪ್ಪೇ?

ಪ್ರಶ್ನೆ: ನನ್ನ ತಮ್ಮ ಹೊಸೂರಿನ ಗೋದಾಮೊಂದರಲ್ಲಿ ಗುತ್ತಿಗೆದಾರರ ಮೂಲಕ ಲೋಡಿಂಗ್ ಕೆಲಸಕ್ಕಿದ್ದಾನೆ. ಕಳೆದ ತಿಂಗಳು ತಿರುವು ತೆಗೆದುಕೊಳ್ಳುತ್ತಿದ್ದ ಫೋರ್ಕ್‌ಲಿಫ್ಟಿನ ಹಿಂಭಾಗ ತಗುಲಿ, ಚಕ್ರ ಪಾದದ ಮೇಲೆ ಹರಿದು ಮೂಳೆ ಮುರಿಯಿತು. ‘ಅಡ್ಡ ನಿಂತದ್ದು ಅವನದೇ ತಪ್ಪು’ ಎನ್ನುವ ಗುತ್ತಿಗೆದಾರರು, ಆಸ್ಪತ್ರೆಯ ಖರ್ಚು ಕೊಟ್ಟು, ತಮಿಳಿನಲ್ಲಿ ಬರೆದ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ನಮಗೆ ತಮಿಳು ಮಾತನಾಡಲು ಬರುತ್ತದೆ, ಓದಲು ಬಾರದು. ಏನು ಮಾಡಬೇಕು?
– ಓದುಗರು, ಡೆಂಕಣಿಕೋಟೆ

ಉತ್ತರ: ದಯವಿಟ್ಟು ಈಗಲೇ ಸಹಿ ಹಾಕಬೇಡಿ, ತಮಿಳು ಓದಬಲ್ಲ ನಂಬಿಕಸ್ಥರಿಂದ ಪತ್ರವನ್ನು ಪೂರ್ತಿ ಓದಿಸಿ ಕೇಳಿ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲವಾದರೂ, ಅಪಘಾತ ನಡೆದ ಬಗೆಯನ್ನೇ ಅದರಲ್ಲಿ ತಿರುಚಿದ್ದರೆ ಮುಂದೆ ತೊಡಕಾದೀತು.

ಇನ್ನು ತಪ್ಪಿನ ಮಾತು. ಫೋರ್ಕ್‌ಲಿಫ್ಟಿನಲ್ಲಿ ದಿಕ್ಕು ಬದಲಿಸುವುದು ಹಿಂದಿನ ಚಕ್ರಗಳಾದ್ದರಿಂದ, ಚಾಲಕ ಎಡಕ್ಕೆ ತಿರುಗಿಸಿದರೆ ಯಂತ್ರದ ಹಿಂಭಾಗ ಬಲಕ್ಕೆ ಬೀಸಿಕೊಂಡು ಬರುತ್ತದೆ; 2.5 ಟನ್ ಎತ್ತುವ ಯಂತ್ರದ ಸ್ವಂತ ತೂಕವೇ 3 ಟನ್ನಿಗೂ ಹೆಚ್ಚಿರುತ್ತದೆ. ಹೀಗಿರುವಾಗ ಜನ ನಡೆಯುವ ದಾರಿಯನ್ನು ಯಂತ್ರದ ದಾರಿಯಿಂದ ಬೇರ್ಪಡಿಸಬೇಕಾದವರು ಗೋದಾಮು ನಡೆಸುವವರೇ ಹೊರತು, ಹೊರೆ ಹೊತ್ತು ಓಡಾಡುವ ಹುಡುಗನಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಕೆಲಸಗಾರನ ಬರಿಯ ಅಜಾಗರೂಕತೆಯಿಂದ ಪರಿಹಾರದ ಹಕ್ಕು ತಪ್ಪುವುದಿಲ್ಲ. ಅವನು ಕುಡಿದಿದ್ದರೆ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದರೆ ಮಾತ್ರ ತಕರಾರು ಏಳುತ್ತದೆ. ಗುತ್ತಿಗೆಯ ಆಳಾದರೂ ಗೋದಾಮಿನ ಮೂಲ ಮಾಲೀಕರ ಹೊಣೆ ಉಳಿಯುತ್ತದೆ. 1923ರ ಪರಿಹಾರ ಕಾಯ್ದೆಯ ಈ ಅಂಶಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ.

ತಮ್ಮನ ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ ಮೊದಲು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಚೇರಿಯಲ್ಲಿ ವಿಚಾರಿಸಿ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ; ಗುಣವಾಗುವವರೆಗೆ ಸರಾಸರಿ ದಿನಗೂಲಿಯ ಸುಮಾರು ಶೇ 90ರಷ್ಟು ಸಿಗುತ್ತದೆ. ಇಎಸ್‌ಐ ವ್ಯಾಪ್ತಿಗೆ ಬರದಿದ್ದರೆ ಕಾರ್ಮಿಕ ಇಲಾಖೆಯ ಪರಿಹಾರ ಅಧಿಕಾರಿಗೆ 2 ವರ್ಷದೊಳಗೆ ಅರ್ಜಿ ಹಾಕಬೇಕು. ಅಲ್ಲಿ ಆಸ್ಪತ್ರೆಯ ಖರ್ಚು ಪರಿಹಾರಕ್ಕಿಂತ ಬೇರೆಯೇ ಲೆಕ್ಕ. ಒಂದೇ ಗಾಯಕ್ಕೆ ಎರಡೂ ಕಡೆ ಹಣ ಸಿಗದು.

ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ ಜೋಪಾನವಾಗಿರಲಿ. ಅಪಘಾತ ಕಂಡ ಜೊತೆಗಾರರ ಹೆಸರು, ಫೋನ್ ನಂಬರುಗಳನ್ನು ಈ ವಾರವೇ ಬರೆದಿಟ್ಟುಕೊಳ್ಳಿ. ಗುತ್ತಿಗೆಯವರು ಬೇರೆ ಗೋದಾಮಿಗೆ ಹೋದ ಮೇಲೆ ಹುಡುಕುವುದು ಬಹಳ ಕಷ್ಟ.