ಒಗ್ಗಿಕೊಂಡದ್ದು ಕೋಳಿಯಲ್ಲ

ಮೊಟ್ಟೆ ಕೋಳಿ ಸಾಕುವವರ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಅದಕ್ಕೆ ಈ ಸಲ ಹೆಚ್ಚು ಜಾಗ ಕೊಡುತ್ತೇನೆ, ಉಳಿದವಕ್ಕೆ ಒಂದೆರಡು ಸಾಲು.

ಪ್ರಶ್ನೆ: ಕೋಳಿಗಳಿಗೆ ಭೇದಿಯಾಗಿ ಕೆಲವು ಸತ್ತವು. ನೀರಿಗೆ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕಿದೆ. ಎರಡು ದಿನದಲ್ಲಿ ಚೇತರಿಸಿಕೊಂಡವು, ಔಷಧಿ ನಿಲ್ಲಿಸಿದೆ. ಈಗ ಮತ್ತೆ ಅದೇ ಕಾಯಿಲೆ, ಅದೇ ಔಷಧಿ ಹಿಡಿಯುತ್ತಿಲ್ಲ. ಕೋಳಿಗಳಿಗೆ ಒಗ್ಗಿಹೋಯಿತೇ? ಡೋಸ್ ಎರಡರಷ್ಟು ಮಾಡಲೇ?

ಉತ್ತರ: ಮಾಡಬೇಡಿ. ಭೇದಿ ಎಂದರೆ ಬ್ಯಾಕ್ಟೀರಿಯಾವೇ ಎಂದು ನಿಮಗೆ ಹೇಳಿದವರು ಯಾರು? ವೈರಸ್ಸಿನಿಂದಲೂ ಬರುತ್ತದೆ, ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಯಿಂದಲೂ ಬರುತ್ತದೆ. ಎರಡಕ್ಕೂ ಈ ಔಷಧಿ ಕೆಲಸಕ್ಕೆ ಬಾರದು. ಮೊದಲ ಸಲ ಅವು ತಾವಾಗಿಯೇ ಚೇತರಿಸಿಕೊಂಡಿರಲೂಬಹುದು.

ಬ್ಯಾಕ್ಟೀರಿಯಾವೇ ಎಂದಿಟ್ಟುಕೊಳ್ಳೋಣ. ಆಗಲೂ ಔಷಧಿಗೆ ಒಗ್ಗಿದ್ದು ಕೋಳಿಯಲ್ಲ, ಅದರ ಕರುಳಲ್ಲಿರುವ ಈ. ಕೋಲೈ. ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಒಂದೆರಡಕ್ಕೆ ಔಷಧಿ ತಾಗದಂಥ ಬದಲಾವಣೆ ಮೊದಲೇ ಇರುತ್ತದೆ. ನೀವು ತಾಗುವವನ್ನೆಲ್ಲ ಕೊಂದು, ಇವಕ್ಕೆ ಜಾಗ ತೆರವು ಮಾಡಿಕೊಟ್ಟಿರಿ. ಸಾಲದ್ದಕ್ಕೆ ಔಷಧಿ ನೀರಿನಲ್ಲಿ ಹೋಗಿದೆ. ಕಾಯಿಲೆಯ ಕೋಳಿ ಸರಿಯಾಗಿ ನೀರು ಕುಡಿಯುವುದಿಲ್ಲ, ಗಟ್ಟಿಮುಟ್ಟಾಗಿರುವುದು ಹೊಟ್ಟೆತುಂಬ ಕುಡಿಯುತ್ತದೆ. ಔಷಧಿ ಬೇಕಾದದ್ದಕ್ಕೆ ಅರೆಬರೆ, ಬೇಡದ್ದಕ್ಕೆ ಪೂರ್ತಿ. ಪೈಪಿನ ಒಳಗೋಡೆಯ ಲೋಳೆಪದರದಲ್ಲಿ ಅಡಗಿದ ಬ್ಯಾಕ್ಟೀರಿಯಾ ಸುಲಭಕ್ಕೆ ಸಾಯುವುದೂ ಇಲ್ಲ.

ಲ್ಯಾಬಿನಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿಯ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು ರಾತ್ರಿಯಿಡೀ ಬೆಚ್ಚಗೆ ಬಿಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬೆಳಿಗ್ಗೆ ಬಿಲ್ಲೆಯ ಸುತ್ತ ಸ್ವಚ್ಛ ವೃತ್ತ. ಮಾಡದಿದ್ದರೆ ಬೆಳವಣಿಗೆ ಬಿಲ್ಲೆಯ ಅಂಚಿಗೇ ಬಂದು ಮುಟ್ಟಿರುತ್ತದೆ. ಅಂಥ ತಟ್ಟೆಯನ್ನು ಕೈಯಲ್ಲಿ ಹಿಡಿದವರಾರೂ ‘ಡೋಸ್ ಎರಡರಷ್ಟು’ ಎನ್ನುವುದಿಲ್ಲ. ನಿಮಗೆ ಬೇಕಿರುವುದು ಈ ಪರೀಕ್ಷೆ. ಔಷಧಿ ಕೊಡದ, ಆಗಷ್ಟೇ ಸತ್ತ ಕೋಳಿಯನ್ನು ಐಸ್ ಮೇಲಿಟ್ಟು ಕಳಿಸಿ. ಮೂರು ದಿನ ಪ್ರಯೋಗ ಮಾಡಿ, ಆಮೇಲೆ ಕೊಳೆತದ್ದನ್ನು ತಂದುಕೊಟ್ಟರೆ ನಾನೇನು ಹೇಳಲಿ?

ಇನ್ನೊಂದು ಮಾತು. ಇವು ಮೊಟ್ಟೆಯಿಡುವ ಕೋಳಿಗಳು. ಬಿಳಿಭಾಗ ಕೆಲವೇ ಗಂಟೆಗಳಲ್ಲಿ ಕೂಡಿಕೊಳ್ಳುತ್ತದೆ, ಹಳದಿಭಾಗ ತುಂಬಿಕೊಳ್ಳಲು ಸುಮಾರು 10 ದಿನ ಬೇಕು. ಇಂದು ಕೊಟ್ಟ ಔಷಧಿ ಮುಂದಿನ ವಾರದ ಮೊಟ್ಟೆಯಲ್ಲೂ ಇರುತ್ತದೆ. ಯುರೋಪಿನಲ್ಲಿ ಎನ್ರೋಫ್ಲಾಕ್ಸಾಸಿನ್ ಜೊತೆಗಿನ ಚೀಟಿಯಲ್ಲೇ, ಜನ ತಿನ್ನುವ ಮೊಟ್ಟೆಯಿಡುವ ಕೋಳಿಗೆ ಕೊಡಕೂಡದು ಎಂದಿದೆ. ಅಮೆರಿಕವಂತೂ, ಜನರಿಗೆ ಭೇದಿ ತರುವ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಈ ಗುಂಪಿನ ಔಷಧಿಗೆ ಬಗ್ಗುತ್ತಿಲ್ಲವೆಂದು 2005ರಲ್ಲಿ ಕೋಳಿಗಳಿಗೆ ಇದನ್ನು ಕೊಡುವುದನ್ನೇ ನಿಲ್ಲಿಸಿತು. ನಿಮಗೆ ಇದನ್ನು ಹಾಕಲು ಹೇಳಿದವರು ಚೀಟಿ ಓದಿದ್ದರೇ ಎಂದು ಕೇಳಿನೋಡಿ.

ಪ್ರಶ್ನೆ: ಮೊಟ್ಟೆ ಬೇಯಿಸಿದರೆ ಎಲ್ಲ ಸರಿಹೋಗುವುದಿಲ್ಲವೇ?

ಉತ್ತರ: ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಎನ್ರೋಫ್ಲಾಕ್ಸಾಸಿನ್ ಗುಂಪಿನ ಔಷಧಿಗಳು ಕುದಿಯುವ ನೀರಿಗೆ ಬಗ್ಗುವುದಿಲ್ಲ. ಅಲ್ಲದೆ ಮೊಟ್ಟೆ ಬೇಯುವ ಮುಂಚೆಯೇ ಹಿಕ್ಕೆ ಮೆತ್ತಿದ ಚಿಪ್ಪಿನಿಂದ ಬ್ಯಾಕ್ಟೀರಿಯಾ ನಿಮ್ಮ ಕೈಗೆ, ಕೈಯಿಂದ ಪಕ್ಕದ ಪಾತ್ರೆಗೆ ದಾಟಿರುತ್ತದೆ.

ಪ್ರಶ್ನೆ: ಕಂದು ಮೊಟ್ಟೆಯಲ್ಲಿ ಔಷಧಿ ಇರುವುದಿಲ್ಲವಂತೆ?

ಉತ್ತರ: ಚಿಪ್ಪಿನ ಬಣ್ಣ ತಳಿಯದು. ಮುಂದಿನ ಪ್ರಶ್ನೆ.

ಪ್ರಶ್ನೆ: ಮೊಟ್ಟೆ ಹೆಚ್ಚಲೆಂದು ಕಾಲಿಸ್ಟಿನ್ ಪುಡಿಯನ್ನು ಮೇವಿಗೆ ಬೆರೆಸಲು ಒಬ್ಬರು ಹೇಳಿದರು.

ಉತ್ತರ: ಆ ಒಬ್ಬರನ್ನು ಶೆಡ್ಡಿನ ಬಾಗಿಲಲ್ಲೇ ತಡೆಯಿರಿ. ಬೇರಾವ ಔಷಧಿಯೂ ಹಿಡಿಯದ ರೋಗಿಗೆ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವುದು ಕಾಲಿಸ್ಟಿನ್. ಅದನ್ನು ಸೋಲಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಎಂಸಿಆರ್-1 ಜೀನ್ ಚೀನಾದಲ್ಲಿ ಹಂದಿಗಳಲ್ಲೂ ಮಾಂಸದಲ್ಲೂ ರೋಗಿಗಳಲ್ಲೂ ಇದೆಯೆಂದು 2015ರಲ್ಲಿ ಗೊತ್ತಾಯಿತು. ಮೇವಿಗೆ ಕಾಲಿಸ್ಟಿನ್ ಬೆರೆಸುವುದನ್ನು ಚೀನಾ 2017ರಲ್ಲಿ ನಿಲ್ಲಿಸಿತು. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನೇ ನಿಷೇಧಿಸಿತು. ಮೊಟ್ಟೆ ಕಡಿಮೆಯಾಗಿದ್ದರೆ ಮೊದಲು ಶೆಡ್ಡಿನಲ್ಲಿ ದಿನಕ್ಕೆ ಎಷ್ಟು ಗಂಟೆ ಬೆಳಕಿದೆ ಎಂದು ಎಣಿಸಿ, ಮೇವಿನಲ್ಲಿ ಸುಣ್ಣದಂಶ ಎಷ್ಟಿದೆ ನೋಡಿ.